ಎರಡನೆಯ ನೋಟ: ಧಾರಾವಾಹಿಯ ಪುನರ್ದರ್ಶನವೂ ‘ಗೃಹಭಂಗ’ವೂ

೧

ಒಂದು ಕೃತಿಯ ಬೆಲೆಯನ್ನು ಗೊತ್ತುಮಾಡಲು ವಿಮರ್ಶಕರು ಬಗೆಬಗೆಯ ಅಳತೆಗೋಲುಗಳನ್ನು ಸೂಚಿಸಿದ್ದಾರೆ. ಅವುಗಳಲ್ಲಿ ಅತ್ಯಂತ ಸರಳವಾದುದು, ಸಾಮಾನ್ಯ ಓದುಗನ ಕೈಗೂ ನಿಲುಕುವಂಥದು, ಒಂದುಂಟು: ಈ ಕೃತಿಯನ್ನು ಎರಡನೆಯ ಸಲ ಓದಬೇಕೆನ್ನಿಸುತ್ತದೆಯೆ? ಕಾವ್ಯದ ವಿಷಯದಲ್ಲಿ ಈ ಪ್ರಶ್ನೆಗೆ ನಾವು ಸಂಕೋಚವಿಲ್ಲದೆ ಉತ್ತರ ಕೊಡುತ್ತೇವೆ. ಕಾದಂಬರಿಯ ವಿಷಯದಲ್ಲಿ ಸ್ವಲ್ಪ ಯೋಚಿಸಿ ಕೊಡುತ್ತೇವೆ. ಆದರೆ ದೂರದರ್ಶನದ ಧಾರಾವಾಹಿಯ ವಿಷಯದಲ್ಲಿ ಪ್ರಶ್ನೆಯನ್ನು ಕೇಳುವುದೇ ಅಪೂರ್ವ. ಧಾರಾವಾಹಿಯೆಂದರೆ ಸಂಜೆಯ ಹೊತ್ತು ಕಳೆಯುವ ಸಾಧನ, ನೋಡಿ ಮರೆಯುವ ಸರಕು ಎಂಬ ಭಾವನೆ ವಿದ್ವಾಂಸರಲ್ಲಿ ಬೇರೂರಿದೆ. ಈ ಭಾವನೆ ಬಹುಮಟ್ಟಿಗೆ ನಿಜವೂ ಹೌದು. ಬಹುಮಟ್ಟಿಗೆ ನಿಜವಾದ ಮಾತಿಗೂ ಹೊರತಾದ ನಿದರ್ಶನಗಳಿರುತ್ತವೆ. ಅಂಥವನ್ನು ಗುರುತಿಸಿ ಕಾರಣ ಹೇಳುವುದು ವಿಮರ್ಶೆಯ ಕೆಲಸ.

ಪ್ರಕೃತ ಲೇಖನದಲ್ಲಿ ಅಂಥ ಒಂದು ನಿದರ್ಶನವನ್ನು ಎತ್ತಿಕೊಂಡಿದೆ. ಎಸ್. ಎಲ್. ಭೈರಪ್ಪನವರ (೧೯೩೧–೨೦೨೫) ‘ಗೃಹಭಂಗ’ ಕಾದಂಬರಿ ಪ್ರಕಟವಾದುದು ೧೯೭೦ರಲ್ಲಿ. ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಧಾರಾವಾಹಿ ಈ ಶತಮಾನದ ಮೊದಲ ದಶಕದಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಪ್ರಸಾರವಾಯಿತು. ಕಥೆ ನಡೆಯುವ ನೆಲ ತಿಪಟೂರು ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನು ಒಳಗೊಂಡ ಈ ತೆಂಗಿನ ನಾಡಿನ ಪ್ರೇಕ್ಷಕನಿಗೆ ಆ ಧಾರಾವಾಹಿ ತನ್ನ ಮನೆಯ ಹಿತ್ತಿಲಿನ ಕಥೆ. ಈ ಕಥೆಯನ್ನು ಮೊದಲ ಸಲ ನೋಡಿದವನಿಗೆ ದೊರೆಯುವುದು ಒಂದು, ಎರಡನೆಯ ಸಲ ನೋಡಿದವನಿಗೆ ದೊರೆಯುವುದು ಬೇರೊಂದು. ಎರಡನೆಯದೇ ಇದರ ನಿಜವಾದ ಅರ್ಥಕ್ಕೆ ಹೆಚ್ಚು ಹತ್ತಿರವಾದುದು — ಇದು ನಮ್ಮ ಪ್ರತಿಪಾದನೆ.

೨

ಎರಡನೆಯ ಸಲ ನೋಡುವುದು ಈ ನಾಡಿಗೆ ಹೊಸದಲ್ಲ. ಹೊಸದಾದುದು ಒಂದೇ ಸಲ ನೋಡಿ ಬಿಡುವ ಪದ್ಧತಿ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಮೇಲೆ ನಡೆಯುವ ಪೌರಾಣಿಕ ನಾಟಕಗಳನ್ನು ನೋಡಿದವರಿಗೆ ಈ ಮಾತಿನ ಸತ್ಯ ಮನದಟ್ಟಾದೀತು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಮಾಡಿಸಿ, ಊರಿನವರೇ ಬಣ್ಣ ಹಚ್ಚಿಕೊಂಡು ಬೆಳಗಿನವರೆಗೆ ಆಡುವ ‘ಕುರುಕ್ಷೇತ್ರ’ ನಾಟಕದಲ್ಲಿ ಕೌರವ ಸೋಲುತ್ತಾನೆಂಬುದನ್ನು ತಿಳಿಯದ ಮಗುವೂ ಅಲ್ಲಿರುವುದಿಲ್ಲ. ಗುಬ್ಬಿ ಕಂಪನಿಯವರು ೧೯೩೪ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನು ಪ್ರದರ್ಶಿಸಿದಾಗಲೂ ಜನ ಬಂದುದು ಯುದ್ಧದ ಫಲವನ್ನು ತಿಳಿಯುವುದಕ್ಕಲ್ಲ. ಮೂಡಲಪಾಯದ ಆಟಗಳ ಸ್ಥಿತಿಯೂ ಇದೇ. ಕುಮಾರವ್ಯಾಸನ ಭಾರತವನ್ನು ಗಮಕಿಗಳು ವಾಚಿಸುವಾಗ ಕೇಳುವವರ ಸ್ಥಿತಿಯೂ ಇದೇ. ಕಥೆ ಗೊತ್ತಿದೆ, ಗೊತ್ತಿದ್ದೇ ಬಂದಿದ್ದಾರೆ. ಕರ್ಣನ ಪಾತ್ರಧಾರಿ ಈ ಸಲ ಕುಂತಿಯ ಮುಂದೆ ಹೇಗೆ ನಿಲ್ಲುತ್ತಾನೆ, ಆ ಪದ್ಯವನ್ನು ಯಾವ ರಾಗದಲ್ಲಿ ಎತ್ತಿಕೊಳ್ಳುತ್ತಾನೆ — ಇದನ್ನು ನೋಡಲು ಬಂದಿದ್ದಾರೆ.

ನಮ್ಮ ಲಾಕ್ಷಣಿಕರು ರಸವನ್ನು ಕುರಿತು ಮಾಡಿದ ವಿವೇಚನೆ ಇಂಥ ಪ್ರೇಕ್ಷಕನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಅದನ್ನು ಕನ್ನಡದಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯೆಂಬ ಗ್ರಂಥದಲ್ಲಿ ಅತ್ಯಂತ ವಿಶದವಾಗಿ ನಿರೂಪಿಸಿದ ತೀ. ನಂ. ಶ್ರೀಕಂಠಯ್ಯನವರು (೧೯೦೬–೧೯೬೬) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೆಂಬುದು ಇಲ್ಲಿ ಸ್ಮರಣೀಯ. ವಿಭಾವ, ಅನುಭಾವ, ಸಂಚಾರಿಭಾವಗಳ ಸಂಯೋಗದಿಂದ ರಸ ನಿಷ್ಪತ್ತಿಯಾಗುತ್ತದೆಯೆಂಬ ತತ್ತ್ವದಲ್ಲಿ ‘ಮುಂದೇನಾಯಿತು’ ಎಂಬ ಕುತೂಹಲಕ್ಕೆ ಮುಖ್ಯ ಸ್ಥಾನವಿಲ್ಲ. ಕುತೂಹಲವು ಸಹೃದಯನನ್ನು ಕೃತಿಯ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಬಂದ ಮೇಲೆ ಅದರ ಕೆಲಸ ಮುಗಿಯಿತು. ಮೊದಲನೆಯ ನೋಟದಲ್ಲಿ ಕುತೂಹಲ ಪ್ರಬಲವಾಗಿರುವುದರಿಂದ ಭಾವದ ಸೂಕ್ಷ್ಮಗಳು ಅದರ ಭರಾಟೆಯಲ್ಲಿ ಮರೆಯಾಗುವುದುಂಟು. ಎರಡನೆಯ ನೋಟದಲ್ಲಿ ಅದು ಅಡಗಿರುತ್ತದೆ. ಆಗ ಕೃತಿಯಲ್ಲಿ ಉಳಿದುದೆಷ್ಟೋ ಅದೇ ಅದರ ಸತ್ತ್ವ.

ಈ ಸೀಮೆಯ ರೈತನು ಇದನ್ನೇ ಬೇರೊಂದು ರೀತಿಯಲ್ಲಿ ಬಲ್ಲ. ಎಳನೀರಿನ ರುಚಿಯನ್ನು ಕಾಯಿ ಕಿತ್ತ ದಿನವೇ ಹೇಳಬಹುದು. ಉಂಡೆ ಕೊಬ್ಬರಿಯ ವಿಷಯ ಹಾಗಲ್ಲ. ಸಿಪ್ಪೆ ಸುಲಿಯದ ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಸದ್ದು ಕೊಡಬೇಕು. ಕೆಲವು ಕಾಯಿ ಕೊಳೆತುಹೋಗುತ್ತವೆ, ಕೆಲವು ಕೊಬ್ಬರಿಯಾಗುತ್ತವೆ. ಯಾವುದು ಏನಾಯಿತೆಂದು ಒಡೆದ ಹೊರತು ನಿಶ್ಚಯವಿಲ್ಲ. ಧಾರಾವಾಹಿಗಳ ಪರೀಕ್ಷೆಗೂ ಹೀಗೆ ಕಾಲ ಬೇಕು.

೩

ಧಾರಾವಾಹಿಯ ರೂಪದಲ್ಲಿಯೇ ಪುನರ್ದರ್ಶನಕ್ಕೆ ವಿರೋಧವಾದ ಒಂದು ಅಂಶವಿದೆ. ಪ್ರತಿಯೊಂದು ಕಂತೂ ನಾಳೆಯ ಕಂತಿಗೆ ಪ್ರೇಕ್ಷಕನನ್ನು ಕಾದಿರಿಸಬೇಕು. ಆದುದರಿಂದ ಕೊನೆಯಲ್ಲಿ ಒಂದು ಗಂಟು ಹಾಕಬೇಕು. ಬಾಗಿಲು ತಟ್ಟಿದವರು ಯಾರು, ಪತ್ರದಲ್ಲಿ ಏನಿದೆ, ಆಕೆ ಒಪ್ಪಿದಳೆ — ಹೀಗೆ. ಇಂಥ ಗಂಟು ಒಮ್ಮೆ ಬಿಚ್ಚಿದ ಮೇಲೆ ಅಲ್ಲಿ ದಾರವಲ್ಲದೆ ಬೇರೇನೂ ಉಳಿಯುವುದಿಲ್ಲ. ನೂರಾರು ಕಂತುಗಳವರೆಗೆ ಬೆಳೆಯುವ ಧಾರಾವಾಹಿಗಳಲ್ಲಿ ನಿನ್ನೆಯದನ್ನು ಮರೆತವರಿಗಾಗಿ ಹೇಳಿದ್ದನ್ನೇ ಹೇಳುವ ಅನಿವಾರ್ಯವೂ ಸೇರಿಕೊಳ್ಳುತ್ತದೆ. ಎರಡನೆಯ ಸಲ ನೋಡುವವನಿಗೆ ಈ ಪುನರುಕ್ತಿ ಹೊರೆಯಾಗುತ್ತದೆ.

ಹಾಗಿದ್ದರೂ ಜನ ಕೆಲವನ್ನು ಮತ್ತೆ ನೋಡಿದ್ದಾರೆ. ಅದಕ್ಕೆ ಕಾರಣಗಳು ಭಿನ್ನಭಿನ್ನ. ರಮಾನಂದ ಸಾಗರರ ‘ರಾಮಾಯಣ’ ೧೯೮೭ರಲ್ಲಿ ಮೊದಲು ಪ್ರಸಾರವಾಗಿ, ೨೦೨೦ರ ಮಾರ್ಚ್ ತಿಂಗಳಲ್ಲಿ, ಸಾಂಕ್ರಾಮಿಕ ರೋಗದ ದೆಸೆಯಿಂದ ದೇಶವೆಲ್ಲ ಮನೆಯೊಳಗೆ ಉಳಿದಿದ್ದಾಗ, ಮತ್ತೆ ಪ್ರಸಾರವಾಯಿತು. ಅಪಾರ ಜನ ಅದನ್ನು ಮತ್ತೆ ನೋಡಿದರು. ಇಲ್ಲಿ ಕೆಲಸ ಮಾಡಿದುದು ಭಕ್ತಿ ಮತ್ತು ಹಳೆಯ ದಿನಗಳ ಸ್ಮರಣೆ. ಕೃತಿಯ ಕಲಾಗುಣ ಅಲ್ಲಿ ಪರೀಕ್ಷೆಗೆ ಒಳಗಾಗಲಿಲ್ಲವೆಂದೇ ಹೇಳಬೇಕು.

ಶಂಕರ್ ನಾಗ್ ಅವರು ನಿರ್ದೇಶಿಸಿ ೧೯೮೬ರಿಂದ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಇದಕ್ಕಿಂತ ಮೇಲಾದ ನಿದರ್ಶನ. ಅದು ಹಿಂದಿ ಇಂಗ್ಲಿಷುಗಳಲ್ಲಿ ತಯಾರಾದರೂ ಆಗುಂಬೆಯ ಬೀದಿ, ಕನ್ನಡದ ನಟವರ್ಗಗಳಿಂದಾಗಿ ಕನ್ನಡಿಗರು ಅದನ್ನು ತಮ್ಮದೆಂದೇ ಭಾವಿಸಿದ್ದಾರೆ. ಬಹುಪಾಲು ಕಥೆಗಳು ಒಂದೆರಡು ಕಂತುಗಳಲ್ಲಿ ಮುಗಿಯುವುದರಿಂದ ಗಂಟು ಹಾಕುವ ಒತ್ತಾಯ ಅಲ್ಲಿ ಕಡಿಮೆ. ಆರ್. ಕೆ. ನಾರಾಯಣರ ಕಥೆಗಳಲ್ಲಿ ಅಂಚೆಯವನು ತಾನಪ್ಪನ ಕಥೆಯನ್ನು ತೆಗೆದುಕೊಳ್ಳೋಣ. ಒಂದು ಮನೆಯ ಮಗಳ ಮದುವೆ ಕೆಟ್ಟುಹೋಗಬಾರದೆಂದು ಆ ಮನೆಗೆ ಬಂದ ಅಶುಭವಾರ್ತೆಯ ಕಾಗದವನ್ನು ಆತ ಮದುವೆ ಮುಗಿಯುವವರೆಗೆ ತನ್ನಲ್ಲಿಯೇ ಇಟ್ಟುಕೊಂಡಿರುತ್ತಾನೆ. ಮೊದಲ ಸಲ ನೋಡುವವನಿಗೆ ಇದು ಕೊನೆಯಲ್ಲಿ ತಿಳಿಯುವ ಸಂಗತಿ. ಎರಡನೆಯ ಸಲ ನೋಡುವವನಿಗೆ ಆರಂಭದಿಂದಲೇ ತಿಳಿದಿರುತ್ತದೆ. ಮದುವೆಯ ಸಂಭ್ರಮದ ನಡುವೆ ಓಡಾಡುವ ತಾನಪ್ಪನ ಮುಖದಲ್ಲಿ ಆತ ಹೊತ್ತಿರುವ ಭಾರವನ್ನು ಆತ ಹುಡುಕತೊಡಗುತ್ತಾನೆ. ಕಥೆ ಒಂದೇ, ನೋಡುವ ಜಾಗ ಬದಲಾಗಿದೆ.

ಇದರಿಂದ ಒಂದು ಸೂತ್ರವನ್ನು ಪಡೆಯಬಹುದು. ಕೊನೆಯನ್ನು ತಿಳಿದುದರಿಂದ ಯಾವ ಕೃತಿಯ ಮೊದಲಿನ ಭಾಗಗಳ ಅರ್ಥ ಕುಗ್ಗದೆ ಬೇರೆಯಾಗುತ್ತದೆಯೋ, ಆ ಕೃತಿ ಎರಡನೆಯ ನೋಟಕ್ಕೆ ಅರ್ಹ. ಗ್ರೀಕ್ ರುದ್ರನಾಟಕದ ಪ್ರೇಕ್ಷಕನು ಈಡಿಪಸ್ಸನ ಜನ್ಮವೃತ್ತಾಂತವನ್ನು ಬಲ್ಲವನಾಗಿಯೇ ಬಂದು ಕುಳಿತಿದ್ದನೆಂಬುದನ್ನು ನೆನೆದರೆ ಈ ಸೂತ್ರ ದೃಢಪಡುತ್ತದೆ. ‘ಮಾಲ್ಗುಡಿ’ಯ ಕಥೆಗಳು ಚಿಕ್ಕವಾದುದರಿಂದ ಅವುಗಳಲ್ಲಿ ಈ ಗುಣ ಕಾಣುವುದು ಸುಲಭ. ಒಂದು ದೊಡ್ಡ ಕಾದಂಬರಿಯನ್ನು ಕಂತುಕಂತಾಗಿ ಹರಡಿದಾಗಲೂ ಅದು ಉಳಿಯುತ್ತದೆಯೆ? ‘ಗೃಹಭಂಗ’ವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು.

೪

ಕಾದಂಬರಿ ತನ್ನ ಊರನ್ನು ಕಂದಾಯದ ಕಾಗದದಲ್ಲಿ ಬರೆಯುವಂತೆ ತಾಲ್ಲೂಕು, ಹೋಬಳಿ, ಗ್ರಾಮಗಳಿಂದ ಗುರುತಿಸುತ್ತದೆ: ತಿಪಟೂರು ತಾಲ್ಲೂಕಿನ ರಾಮಸಂದ್ರ. ಕಾಲ ಸುಮಾರು ೧೯೨೦ರಿಂದ ಮುಂದಿನ ಎರಡು ದಶಕಗಳಿಗೂ ಮಿಕ್ಕಿದ್ದು. ಭೈರಪ್ಪನವರು ಹುಟ್ಟಿದ ಸಂತೇಶಿವರ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದುದಾದರೂ ಜೀವನಕ್ರಮದಲ್ಲಿ, ನುಡಿಯಲ್ಲಿ ತಿಪಟೂರು ಸೀಮೆಗೆ ಹೊಂದಿಕೊಂಡದ್ದು. ಲೇಖಕರು ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರೆಂಬುದು ಪ್ರಸಿದ್ಧ. ಕಾಸರವಳ್ಳಿಯವರಾದರೋ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ‘ಘಟಶ್ರಾದ್ಧ’ (೧೯೭೭), ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳಿಗೆ ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ನಿರ್ದೇಶಕರು. ಮಲೆನಾಡಿನ ಮಳೆಯನ್ನು ಬಲ್ಲ ಕಣ್ಣು ಬಯಲುಸೀಮೆಯ ಬಿಸಿಲನ್ನು ನೋಡಿದುದು ಇಲ್ಲಿಯ ವಿಶೇಷ.

ಕಥೆಯನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಶ್ಯಾನುಭೋಗ ರಾಮಣ್ಣನವರ ವಿಧವೆ ಗಂಗಮ್ಮ. ಆಕೆಗೆ ಚೆನ್ನಿಗರಾಯ, ಅಪ್ಪಣ್ಣಯ್ಯ ಎಂಬ ಇಬ್ಬರು ಮಕ್ಕಳು. ನಾಗಲಾಪುರದ ಕಂಠೀಜೋಯಿಸರ ಮಗಳು ನಂಜಮ್ಮ ಚೆನ್ನಿಗರಾಯನ ಕೈಹಿಡಿದು ಈ ಮನೆಗೆ ಬರುತ್ತಾಳೆ. ಬಾಯಿ ಬಿಟ್ಟರೆ ಬೈಗುಳವಾಡುವ ಅತ್ತೆ, ಊಟವೊಂದನ್ನುಳಿದು ಬೇರೊಂದನ್ನು ಅರಿಯದ ಗಂಡ. ಜಮೀನು ಸಾಲಕ್ಕೆ ಹೋಗುತ್ತದೆ. ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ, ಮೂವರು ಮಕ್ಕಳನ್ನು ಸಾಕುತ್ತಾಳೆ. ಪಾರ್ವತಿ, ರಾಮಣ್ಣ ಇಬ್ಬರನ್ನೂ ಪ್ಲೇಗು ಕೊಂಡೊಯ್ಯುತ್ತದೆ, ಮುಂದೆ ಆಕೆಯನ್ನೂ. ಉಳಿದ ವಿಶ್ವನು ಮಹಾದೇವಯ್ಯನವರ ಜೊತೆಯಲ್ಲಿ ಊರನ್ನು ಬಿಡುತ್ತಾನೆ.

ಇಷ್ಟನ್ನು ಕೇಳಿದವರು ಇದನ್ನು ಕಣ್ಣೀರಿನ ಕಥೆಯೆಂದು ತಿಳಿಯಬಹುದು. ಮೊದಲ ನೋಟದಲ್ಲಿ ಹಾಗೆಯೇ ಕಾಣುತ್ತದೆ. ಅತ್ತೆಯ ಮೇಲೆ ಸಿಟ್ಟು, ಗಂಡನ ಮೇಲೆ ತಿರಸ್ಕಾರ, ಸೊಸೆಯ ಮೇಲೆ ಕನಿಕರ — ಈ ಮೂರು ಭಾವಗಳು ನೋಡುವವನನ್ನು ಕಂತಿನಿಂದ ಕಂತಿಗೆ ಎಳೆದುಕೊಂಡು ಹೋಗುತ್ತವೆ. ‘ಈಕೆಗೆ ಒಳ್ಳೆಯ ದಿನ ಬಂದೀತೆ?’ ಎಂಬ ಆಸೆಯೇ ಇಲ್ಲಿಯ ಕುತೂಹಲ. ಎರಡನೆಯ ನೋಟದಲ್ಲಿ ಆ ಆಸೆಗೆ ಅವಕಾಶವಿಲ್ಲ. ಬರುವುದಿಲ್ಲವೆಂದು ಗೊತ್ತು. ಹಾಗಾದರೆ ಆಗ ನಾವು ನೋಡುವುದೇನನ್ನು?

೫

ಮೊದಲನೆಯದಾಗಿ, ಕೆಲಸವನ್ನು ನೋಡುತ್ತೇವೆ. ನಂಜಮ್ಮ ಕಾಗದಕ್ಕೆ ಗೆರೆ ಹಾಕುತ್ತಾಳೆ, ಖಾತೆ ಖಿರ್ದಿಗಳನ್ನು ಬರೆಯುತ್ತಾಳೆ, ಮೊತ್ತ ಕೂಡುತ್ತಾಳೆ. ಎಲೆಗೆ ಎಲೆ ಸೇರಿಸಿ ಕಡ್ಡಿ ಚುಚ್ಚಿ ಕಟ್ಟು ಕಟ್ಟುತ್ತಾಳೆ. ಮೊದಲ ಸಲ ಇವು ನಾಯಕಿಯ ಸದ್ಗುಣಕ್ಕೆ ಪ್ರಮಾಣಗಳಾಗಿ ಮಾತ್ರ ತೋರಿ, ಕಣ್ಣು ಮುಂದಿನ ಘಟನೆಯತ್ತ ಓಡುತ್ತದೆ. ಎರಡನೆಯ ಸಲ ಇವೇ ಕಥೆಯ ಮೈಯೆಂದು ತಿಳಿಯುತ್ತದೆ. ಬರೆಯುವ ಕೈ ಹೆಂಡತಿಯದು. ಹುದ್ದೆ, ಸಹಿ, ಸರ್ಕಾರ ಕೊಡುವ ಪೋಟಿಗೆ ಗಂಡನವು. ಊರಿನ ಜಮೀನು ಯಾರದು, ಕಂದಾಯವೆಷ್ಟು, ಬಾಕಿಯೆಷ್ಟು ಎಂಬುದೆಲ್ಲ ಆಕೆಯ ಅಕ್ಷರದಲ್ಲಿದೆ. ಆದರೆ ಆ ದಫ್ತರದಲ್ಲಿ ಎಲ್ಲಿಯೂ ಆಕೆಯ ಹೆಸರಿಲ್ಲ. ಗೃಹ ಭಂಗವಾದುದು ಒಬ್ಬ ಸೋಮಾರಿಯಿಂದ, ಒಬ್ಬ ಬಾಯಿಬಡುಕಿಯಿಂದ ಎಂದು ಮೊದಲು ತೋರಿದ್ದು, ಈಗ ಯೋಗ್ಯತೆಗೂ ಅಧಿಕಾರಕ್ಕೂ ಸಂಬಂಧವೇ ಇಲ್ಲದ ಒಂದು ಏರ್ಪಾಡಿನಿಂದ ಎಂದು ತೋರುತ್ತದೆ. ವಂಶಪಾರಂಪರ್ಯವಾಗಿ ಬಂದ ಶ್ಯಾನುಭೋಗಿಕೆ ಚೆನ್ನಿಗರಾಯನಂಥವನಿಗೂ ದಕ್ಕುತ್ತದೆ, ನಂಜಮ್ಮನಂಥವಳಿಗೆ ದಕ್ಕುವುದಿಲ್ಲ.

ಈ ವಿಷಯವನ್ನು ಇಂದಿನ ಪ್ರೇಕ್ಷಕನು ಗ್ರಹಿಸಬೇಕಾದರೆ ಎರಡನೆಯ ನೋಟ ಕೇವಲ ರುಚಿಯ ಮಾತಲ್ಲ, ಅವಶ್ಯಕ. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ಪಟೇಲ ಶ್ಯಾನುಭೋಗರ ಪರಂಪರೆಯ ಹುದ್ದೆಗಳು ಕೊನೆಗೊಂಡವು. ಕಾದಂಬರಿ ಪ್ರಕಟವಾದಾಗಲೇ ಆ ಹುದ್ದೆ ಇತಿಹಾಸಕ್ಕೆ ಸೇರಿ ಏಳು ವರ್ಷಗಳಾಗಿದ್ದವು. ಧಾರಾವಾಹಿ ಬರುವ ಹೊತ್ತಿಗೆ ಒಂದು ತಲೆಮಾರೇ ಕಳೆದಿತ್ತು. ಖಿರ್ದಿ, ಜಮಾಬಂದಿ, ಪೋಟಿಗೆ ಎಂಬ ಮಾತುಗಳು ಕಿವಿಯ ಮೇಲೆ ಬಿದ್ದಾಗ ಯುವಕರು ಕಥೆಯ ಓಟದಲ್ಲಿ ಅವುಗಳನ್ನು ದಾಟಿಹೋಗುತ್ತಾರೆ. ಮತ್ತೆ ನೋಡುವಾಗ ಮಾತ್ರ ಅವುಗಳ ಬಳಿ ನಿಲ್ಲಲು ಬಿಡುವಿರುತ್ತದೆ.

ಕಂತುಗಳ ರೂಪ ಇಲ್ಲಿ ಕಥೆಗೆ ಸಹಕಾರಿಯಾಗಿದೆಯೆಂಬುದನ್ನು ಗಮನಿಸಬೇಕು. ಎರಡು ಗಂಟೆಯ ಚಲನಚಿತ್ರಕ್ಕೆ ದಾರಿದ್ರ್ಯದ ಒಂದು ದಿನವನ್ನು ತೋರಿಸುವ ಶಕ್ತಿಯಿದೆ. ದಾರಿದ್ರ್ಯದ ಮುಖ್ಯ ಲಕ್ಷಣವೆಂದರೆ ಅದು ಮರುದಿನವೂ ಇರುತ್ತದೆಯೆಂಬುದು. ಇಂದಿನ ರಾಗಿ ಇಂದಿಗೆ ಮುಗಿಯಿತು. ನಾಳೆಗೆ ಮತ್ತೆ ಯೋಚಿಸಬೇಕು. ಬಿಟ್ಟುಬಿಟ್ಟು ಬರುವ ಕಂತುಗಳಲ್ಲಿ ಈ ‘ಮತ್ತೆ’ ಎಂಬುದಕ್ಕೆ ಸಹಜವಾದ ಆಕಾರ ದೊರೆಯುತ್ತದೆ. ಇತರ ಧಾರಾವಾಹಿಗಳಲ್ಲಿ ದೋಷವಾಗುವ ಪುನರಾವೃತ್ತಿ ಇಲ್ಲಿ ವಸ್ತುವಿನದೇ ಗುಣವಾಗಿ ಪರಿಣಮಿಸುತ್ತದೆ.

೬

ಎರಡನೆಯದಾಗಿ, ಗಂಗಮ್ಮನನ್ನು ಬೇರೆ ಬಗೆಯಲ್ಲಿ ನೋಡುತ್ತೇವೆ. ಆಕೆಯ ಬೈಗುಳಗಳು ಮೊದಲು ಅಸಹ್ಯವನ್ನೂ ಕೆಲವೆಡೆ ನಗೆಯನ್ನೂ ತರಿಸುತ್ತವೆ. ಮತ್ತೆ ನೋಡುವಾಗ, ಗಂಡನನ್ನು ಕಳೆದುಕೊಂಡು ಎರಡು ಗಂಡುಮಕ್ಕಳೊಡನೆ ಉಳಿದ, ಅಕ್ಷರ ಬಾರದ, ಲೋಕ ಬಾರದ ಹೆಂಗಸೊಬ್ಬಳಿಗೆ ಊರಿನ ಎದುರು ನಿಲ್ಲಲು ನಾಲಿಗೆಯೊಂದೇ ಸಾಧನವಾಗಿ ಉಳಿದಿತ್ತೆಂಬುದು ಹೊಳೆಯುತ್ತದೆ. ಇದರಿಂದ ಆಕೆಯ ಅಪರಾಧ ಕ್ಷಮ್ಯವಾಗುವುದಿಲ್ಲ. ಒಬ್ಬ ಹೆಂಗಸು ಅಧಿಕಾರವಿಲ್ಲದ ಸ್ಥಿತಿಯನ್ನು ಬೈಗುಳದಿಂದ ಎದುರಿಸಿದಳು, ಇನ್ನೊಬ್ಬಳು ದುಡಿಮೆಯಿಂದ ಎದುರಿಸಿದಳು ಎಂಬ ಹೋಲಿಕೆ ಮಾತ್ರ ಸ್ಪಷ್ಟವಾಗುತ್ತದೆ. ಅತ್ತೆ ಸೊಸೆಯರ ಜಗಳವನ್ನೇ ಬಂಡವಾಳ ಮಾಡಿಕೊಂಡ ಧಾರಾವಾಹಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಅತ್ತೆಯ ದುಷ್ಟತನಕ್ಕೆ ಕಾರಣವನ್ನು ಕೇಳುವಂತಿಲ್ಲ; ಅದು ಕಥೆಯ ಕೀಲಿ. ಇಲ್ಲಿ ಕೇಳಬಹುದು, ಕೇಳಿದರೆ ಉತ್ತರವೂ ಸಿಗುತ್ತದೆ.

ಮೂರನೆಯದಾಗಿ, ಮಕ್ಕಳ ಸಂತೋಷವನ್ನು ನೋಡುತ್ತೇವೆ. ಬುದ್ಧಿವಂತನಾದ ರಾಮಣ್ಣನ ಓದು, ಪಾರ್ವತಿಯ ಮದುವೆ, ವಿಶ್ವನ ತುಂಟತನ — ಮೊದಲ ಸಲ ಇವು ಕಷ್ಟದ ನಡುವೆ ಸಿಕ್ಕ ನೆರಳು. ಎರಡನೆಯ ಸಲ, ಮುಂದೆ ಬರಲಿರುವುದನ್ನು ಬಲ್ಲ ನಮಗೆ, ಇದೇ ಸುಖದ ದೃಶ್ಯಗಳನ್ನು ಸಹಿಸುವುದು ಕಷ್ಟ. ಸಾವಿನ ದೃಶ್ಯಗಳಿಗಿಂತ ಹೆಚ್ಚಾಗಿ ಇಲ್ಲಿ ಕರುಣರಸ ಪರಿಪಕ್ವವಾಗುತ್ತದೆ. ಸಾವನ್ನು ತೋರಿಸಿ ಅಳಿಸುವುದು ಯಾವ ಧಾರಾವಾಹಿಗೂ ಸಾಧ್ಯ. ಮಗು ಪುಸ್ತಕ ಹಿಡಿದು ಕುಳಿತುದನ್ನು ತೋರಿಸಿ ಮನಸ್ಸನ್ನು ಕಲಕಲು, ನೋಡುವವನು ಕೊನೆಯನ್ನು ಮೊದಲೇ ಬಲ್ಲವನಾಗಿರಬೇಕು.

ಪ್ಲೇಗಿನ ಮಾತಿಗೂ ಇದು ಅನ್ವಯಿಸುತ್ತದೆ. ೧೮೯೮ರಲ್ಲಿ ಬೆಂಗಳೂರಿಗೆ ಬಂದ ಆ ರೋಗ ಅನೇಕ ವರ್ಷಗಳ ಕಾಲ ಮೈಸೂರು ಸಂಸ್ಥಾನದ ಊರುಗಳಿಗೆ ಮತ್ತೆ ಮತ್ತೆ ಬರುತ್ತಿತ್ತು. ಇಲಿ ಬಿತ್ತೆಂದರೆ ಜನ ಮನೆಗಳಿಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಮೊದಲು ನೋಡಿದಾಗ ಕಥೆಯಲ್ಲಿ ಪ್ಲೇಗು ಆಕಸ್ಮಿಕವಾಗಿ ಬಂದೆರಗಿದ ವಿಧಿಯೆನ್ನಿಸುತ್ತದೆ. ಕಾದಂಬರಿಕಾರರು ಕಥೆಯನ್ನು ಮುಗಿಸಲು ರೋಗವನ್ನು ಕರೆತಂದರೆಂದು ಆಕ್ಷೇಪಿಸುವವರೂ ಇದ್ದಾರು. ಮತ್ತೆ ನೋಡುವವನಿಗೆ ಆ ಆಕ್ಷೇಪ ನಿಲ್ಲದು. ಊರು ಬಿಡುವುದು, ಮತ್ತೆ ಬರುವುದು ಆ ಜನರ ವಾರ್ಷಿಕ ಜೀವನದ ಒಂದು ಅಂಗವೇ ಆಗಿತ್ತು. ರೋಗ ಎಂದೂ ದೂರವಿರಲಿಲ್ಲ. ೨೦೨೦ರ ಅನುಭವವಾದ ಮೇಲೆ ಈ ಭಾಗವನ್ನು ನೋಡುವವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ.

ಕೊನೆಯದಾಗಿ, ಮಹಾದೇವಯ್ಯನವರು. ಏಕತಾರಿ ಹಿಡಿದು ತತ್ತ್ವಪದ ಹಾಡುತ್ತ ಭಿಕ್ಷೆಯಿಂದ ಬದುಕುವ ಈ ಜಂಗಮರು ಮೊದಲ ನೋಟದಲ್ಲಿ ಆಗಾಗ ಬಂದು ನೆರವಾಗುವ ಒಬ್ಬ ಸಜ್ಜನ. ವಿಶ್ವನನ್ನು ಕರೆದುಕೊಂಡು ಹೋಗುವವರು ಇವರೇ ಎಂದು ತಿಳಿದ ಮೇಲೆ, ಆ ಮನೆಯ ಬಾಗಿಲಿಗೆ ಇವರು ಬರುವ ಪ್ರತಿಯೊಂದು ಸಲವೂ ಮುಖ್ಯವಾಗುತ್ತದೆ. ಸ್ವಂತ ಮನೆಯಿಲ್ಲದ, ಬೇರೆ ಮತದವರಾದ ಇವರು ಒಡೆದ ಮನೆಯ ಉಳಿದ ಕುಡಿಗೆ ಆಸರೆ. ರಕ್ತಸಂಬಂಧ ಕೈಬಿಟ್ಟಲ್ಲಿ ಬೇರೊಂದು ಸಂಬಂಧ ಮೆಲ್ಲನೆ, ಯಾರಿಗೂ ಕಾಣದಂತೆ, ಮೊದಲಿನಿಂದಲೂ ಬೆಳೆಯುತ್ತಿತ್ತು. ಕೃತಿಯ ಹೆಸರು ಭಂಗವನ್ನು ಹೇಳುತ್ತದೆ. ಎರಡನೆಯ ನೋಟ ಈ ಬೆಳವಣಿಗೆಯನ್ನು ತೋರಿಸುತ್ತದೆ.

೭

ಇಷ್ಟು ಹೇಳಿದ ಮೇಲೆ ಇದರ ಮಿತಿಗಳನ್ನೂ ಹೇಳುವುದು ನ್ಯಾಯ. ಎರಡನೆಯ ನೋಟ ಎಲ್ಲವನ್ನೂ ಉದ್ಧಾರ ಮಾಡುವುದಿಲ್ಲ. ಕೆಲವು ದೋಷಗಳನ್ನು ಎತ್ತಿ ತೋರಿಸುತ್ತದೆ. ಚೆನ್ನಿಗರಾಯನ ಪಾತ್ರ ಇದಕ್ಕೆ ಉದಾಹರಣೆ. ಆತನ ಹೊಟ್ಟೆಬಾಕತನ, ನಿಶ್ಚಿಂತತೆಗಳು ಮೊದಲ ಸಲ ಎಷ್ಟು ಪರಿಣಾಮಕಾರಿಯೋ ಎರಡನೆಯ ಸಲ ಅಷ್ಟೇ ಏಕಮುಖವಾಗಿ ಕಾಣುತ್ತವೆ. ಗಂಗಮ್ಮನಲ್ಲಿ ದೊರೆತಂತೆ ಇಲ್ಲಿ ಒಳಗಿನ ಕಾರಣ ದೊರೆಯುವುದಿಲ್ಲ. ಮಕ್ಕಳು ಸತ್ತಾಗಲೂ ಅಲುಗದ ಮನುಷ್ಯ ಲೋಕದಲ್ಲಿ ಇರಬಾರದೆಂದಲ್ಲ. ಆದರೆ ಆತನನ್ನು ಮತ್ತೆ ನೋಡಿದುದರಿಂದ ಹೊಸತೇನೂ ತಿಳಿಯುವುದಿಲ್ಲ. ಆ ಪಾತ್ರ ಮೊದಲ ನೋಟದಲ್ಲಿಯೇ ಮುಗಿದುಹೋಗಿದೆ.

ನಂಜಮ್ಮನ ವಿಷಯದಲ್ಲಿಯೂ ಒಂದು ಅಪಾಯವಿದೆ. ದೃಶ್ಯಮಾಧ್ಯಮಕ್ಕೆ ಸಹನೆಯ ಮುಖ ಪ್ರಿಯವಾದುದು. ಸಹಿಸುವ ಹೆಣ್ಣನ್ನು ಪೂಜಿಸಿ ಸುಮ್ಮನಾಗುವುದು ಪ್ರೇಕ್ಷಕನಿಗೂ ಸುಲಭ. ಆಕೆಯನ್ನು ಕೇವಲ ಸಹನಶೀಲೆಯೆಂದು ಕೊಂಡಾಡುವವರು ಆಕೆ ಲೆಕ್ಕ ಬರೆದುದನ್ನು, ಸ್ವಂತ ದುಡಿಮೆಯಿಂದ ಒಂದು ಮನೆಯನ್ನು ಕಟ್ಟಿದುದನ್ನು, ಮಕ್ಕಳ ಓದಿಗಾಗಿ ಹಟ ಹಿಡಿದುದನ್ನು ಮರೆಯುತ್ತಾರೆ. ಆಕೆ ಸಹಿಸಿದ್ದಕ್ಕಿಂತ ಮಾಡಿದ್ದು ಹೆಚ್ಚು. ಮತ್ತೆ ನೋಡುವವನು ಮಾಡಿದುದರ ಮೇಲೆ ಕಣ್ಣಿಟ್ಟರೆ ಈ ಅಪಾಯದಿಂದ ಪಾರಾಗಬಲ್ಲ.

ಇನ್ನೊಂದು ಆಕ್ಷೇಪ ಬರಬಹುದು: ಈ ಗುಣಗಳೆಲ್ಲ ಕಾದಂಬರಿಯವು; ಅದನ್ನೇ ಎರಡು ಸಲ ಓದಬಹುದಲ್ಲ, ಧಾರಾವಾಹಿಯ ಗೊಡವೆ ಏಕೆ? ಆಕ್ಷೇಪ ಸಾರವತ್ತಾದುದೇ. ವಸ್ತುವಿನ ಶ್ರೇಯಸ್ಸು ಕಾದಂಬರಿಕಾರರದು. ಆದರೆ ಓದುವಾಗ ನಮ್ಮ ಗತಿ ನಮ್ಮ ಕೈಯಲ್ಲಿರುತ್ತದೆ. ಎಲೆ ಹಚ್ಚುವ ಪ್ರಸಂಗವನ್ನು ಒಂದು ಪುಟದಲ್ಲಿ ದಾಟಿಬಿಡಬಹುದು. ನೋಡುವಾಗ ಗತಿಯನ್ನು ಗೊತ್ತುಮಾಡುವವನು ನಿರ್ದೇಶಕ. ಆ ಕೈಗಳ ಎದುರು ನಾವು ಕುಳಿತಿರಲೇಬೇಕು. ಅದಲ್ಲದೆ, ಕಾದಂಬರಿಯನ್ನು ಓದದ, ಓದಲಾರದ ಹಿರಿಯರಿಗೆ ಈ ಕಥೆ ತಲಪುವುದು ಧಾರಾವಾಹಿಯ ಮೂಲಕವೇ. ನಂಜಮ್ಮನ ಕಾಲವನ್ನು ಕೇಳಿಯೋ ಕಂಡೋ ಬಲ್ಲವರು ಅಂಥವರೇ.

೮

ಈ ಮಾತು ತೆಂಗಿನ ನಾಡಿಗೆ ವಿಶೇಷವಾಗಿ ಏಕೆ ಮುಖ್ಯವೆಂಬುದನ್ನು ಹೇಳಿ ಲೇಖನವನ್ನು ಮುಗಿಸಬಹುದು. ತಿಪಟೂರಿನ ಹೆಸರು ಇಂದು ಕೊಬ್ಬರಿಯ ಮಾರುಕಟ್ಟೆಯಿಂದ ದೇಶದಲ್ಲೆಲ್ಲ ಪರಿಚಿತ. ಜಿಲ್ಲೆಯನ್ನೇ ಕಲ್ಪತರು ನಾಡೆಂದು ಕರೆಯುತ್ತೇವೆ. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಹಬ್ಬಿದ ತೋಟಗಳನ್ನು ನೋಡಿದ ಕಣ್ಣಿಗೆ, ಇದೇ ನೆಲದಲ್ಲಿ ಒಂದು ಸೇರು ರಾಗಿಗಾಗಿ ಒಬ್ಬ ಹೆಂಗಸು ರಾತ್ರಿಯೆಲ್ಲ ಎಲೆ ಹಚ್ಚುತ್ತಿದ್ದಳೆಂಬುದು ನಂಬಲಾಗದ ಸಂಗತಿ. ಬೇಡಿದ್ದನ್ನು ಕೊಡುವ ಮರದ ಹೆಸರು ಹೊತ್ತ ನಾಡು ತಾನು ಬೇಡಿದ ದಿನಗಳನ್ನು ಮರೆಯುವುದು ಸುಲಭ. ಬೆಲೆ ಕುಸಿದಾಗ, ಅಂತರ್ಜಲ ಬತ್ತಿದಾಗ, ಮರಕ್ಕೆ ರೋಗ ತಗುಲಿದಾಗ ಮಾತ್ರ ಆ ನೆನಪು ಒಮ್ಮೆ ಮಿಂಚಿ ಮರೆಯಾಗುತ್ತದೆ. ಮನೆ ಮುರಿಯುವುದು ಹೇಗೆ, ಮುರಿಯುವ ಮನೆಯನ್ನು ಯಾರ ದುಡಿಮೆ ಹಿಡಿದು ನಿಲ್ಲಿಸುತ್ತದೆ, ಆ ದುಡಿಮೆಯ ಲೆಕ್ಕ ಯಾರ ಹೆಸರಿಗೆ ಬೀಳುತ್ತದೆ ಎಂಬ ಪ್ರಶ್ನೆಗಳು ಶ್ಯಾನುಭೋಗಿಕೆಯ ಜೊತೆಯಲ್ಲಿ ರದ್ದಾಗಲಿಲ್ಲ. ತೋಟದ ಪಹಣಿ ಒಬ್ಬರ ಹೆಸರಿನಲ್ಲಿ, ತೋಟದ ದುಡಿಮೆ ಇನ್ನೊಬ್ಬರ ಮೈಯಲ್ಲಿ ಇರುವ ಮನೆಗಳು ಇಂದಿಗೂ ಉಂಟು.

ಆದುದರಿಂದ ಕನ್ನಡ ವಿಭಾಗಗಳು ಇಂಥ ಧಾರಾವಾಹಿಗಳನ್ನು ಪಠ್ಯಗಳಂತೆಯೇ ಭಾವಿಸಿ ಅಧ್ಯಯನಕ್ಕೆ ತೆಗೆದುಕೊಳ್ಳುವುದು ಉಚಿತ. ಇದಕ್ಕೆ ಎರಡು ಕೆಲಸಗಳು ಆಗಬೇಕು. ಒಂದು, ಎರಡನೆಯ ನೋಟಕ್ಕೆ ಅರ್ಹವಾದ ಕನ್ನಡ ಧಾರಾವಾಹಿಗಳ ಪಟ್ಟಿಯನ್ನು ಸಿದ್ಧಪಡಿಸಿ, ಅವುಗಳ ಪ್ರತಿಗಳನ್ನು ಕಾಪಾಡಿಕೊಳ್ಳುವುದು; ನೋಡಲು ಪ್ರತಿಯೇ ಇಲ್ಲದಿದ್ದರೆ ಎರಡನೆಯ ನೋಟದ ಮಾತೇ ಏಳುವುದಿಲ್ಲ. ಎರಡು, ವಿದ್ಯಾರ್ಥಿಗಳು ‘ಗೃಹಭಂಗ’ವನ್ನು ಈ ಮೂರು ತಾಲ್ಲೂಕುಗಳ ಹಿರಿಯರ ಜೊತೆಯಲ್ಲಿ ಕುಳಿತು ನೋಡಿ, ಲೆಕ್ಕಪತ್ರ, ಅಳತೆ, ಅಡಿಗೆ, ರೋಗ, ಬೈಗುಳಗಳಿಗೆ ಸಂಬಂಧಿಸಿದ ಮಾತುಗಳಿಗೆ ಅವರು ಕೊಡುವ ವಿವರಣೆಯನ್ನು ಬರೆದಿಟ್ಟುಕೊಳ್ಳುವುದು. ಅಂಥ ಸಂಗ್ರಹ ಭಾಷಾಶಾಸ್ತ್ರಕ್ಕೂ ಸಮಾಜದ ಇತಿಹಾಸಕ್ಕೂ ಸಮಾನವಾಗಿ ಉಪಯುಕ್ತ. ನಂಜಮ್ಮನ ತಲೆಮಾರಿನವರು ಹೋದರು. ಅವರ ಮಡಿಲಲ್ಲಿ ಬೆಳೆದವರು ಇನ್ನೂ ಕೆಲವರಿದ್ದಾರೆ. ಈ ಕೆಲಸಕ್ಕೆ ಕಾಲ ಹೆಚ್ಚಿಲ್ಲ.